ಅಳವಿ ಪಾಯಸಕ್ಕೆ ನಾನು ಬೆರೆಸಿದ್ದು

ಶಾಂತಾ, ನಿನ್ನ ಕೂಸಿಗೆ ಮಂಪರು ಕವಿಸಿದವಳು ನಿಮ್ಮವ್ವ ಅಲ್ಲ, ನಾನು. ಹದಿನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡೇ ನಿನ್ನ ಕೈಯ ರೊಟ್ಟಿ ತಿಂದೆ. ಎದುರಿಗೆ ಕೂತು ಹೇಳುವ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಕಲಿತ ಕೈ. ಅಕ್ಷರ ಸೊಟ್ಟಗಿದ್ದರೂ ಕೊನೆವರೆಗೆ ಓದು.

ನನ್ನ ಗುಣ ನಿನಗೆ ಗೊತ್ತೇ ಇದೆ. ಹಾಲಿನವಳು ಬಂದರೆ ನೀರು ಬೆರೆಸಿದ್ದಾಳೆ ಅನ್ನುವವಳು, ನೆರೆಮನೆಯವರು ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅನ್ನುವವಳು. ದೇವದುರ್ಗದಲ್ಲಿ ಗಂಡ ತೀರಿಕೊಂಡು, ನಿನ್ನ ಗಂಡ ನನ್ನ ತಮ್ಮನಲ್ಲವೇ ಎಂದು ಮಾನ್ವಿಗೆ ಬಂದು ಬಿದ್ದ ಮೇಲೆ ಇದು ಇನ್ನೂ ಹೆಚ್ಚಾಯಿತು. ಮೊದಲ ಹೆರಿಗೆಗೆ ನೀನು ತವರಿಗೆ ಹೋಗಬೇಕಿತ್ತು, ಹೋಗಗೊಡದವಳು ನಾನೇ. ನಿನ್ನ ತವರಿನಂಥ ಕೂಲಿಗೆ ಹೋಗುವ ಮನೆಯವರು ಕೂಸಿಗೆ ಅಫೀಮು ನೆಕ್ಕಿಸಿ, ಮಲಗಿಸಿ ಹೊಲಕ್ಕೆ ಹೋಗುತ್ತಾರೆ ಎಂದು ತಮ್ಮನ ತಲೆ ತುಂಬಿದೆ. ಯಾರೋ ಅಂದದ್ದನ್ನು ಕೇಳಿದ್ದೆ ಅಷ್ಟೆ, ಕಣ್ಣಿಂದ ನೋಡಿರಲಿಲ್ಲ.

ನೀನು ಹೋಗದ ಮೇಲೆ ನಿಮ್ಮವ್ವ ಹುಲಿಗೆವ್ವನೇ ಯಾಪಲದಿನ್ನಿಯಿಂದ ಬಂದಳು. ಒಂದು ಗಂಟಿನಲ್ಲಿ ಬಾಣಂತಿಯ ಪಥ್ಯಕ್ಕೆ ಅಳವಿ ಬೀಜ, ಅಂಟು, ಒಣಕೊಬ್ಬರಿ. ಇನ್ನೊಂದರಲ್ಲಿ ತೇಯುವ ಕಲ್ಲು. ಅವಳ ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಎರೆಯಲು ಅವಳನ್ನೇ ಕರೆಯುತ್ತಿದ್ದರಂತೆ. ಕಾಲ ಮೇಲೆ ಹಾಕಿಕೊಂಡು ಎರೆದು, ಲೋಬಾನದ ಹೊಗೆ ತೋರಿಸಿ, ಬಜಿ ಬೇರು, ಅಳಲೆಕಾಯಿ ತೇಯ್ದು ಬೆರಳ ತುದಿಯಿಂದ ನೆಕ್ಕಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಆ ಬೆರಳನ್ನೇ ನೋಡುತ್ತಿದ್ದೆ. ಅವಳು ಅತ್ತ ಹೋದರೆ ಸಾಕು, ಕಲ್ಲನ್ನು ಎತ್ತಿ ಮೂಸುತ್ತಿದ್ದೆ. ಬಜಿಯ ಘಾಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಹೆತ್ತು ಹತ್ತು ದಿನಕ್ಕೆ ನಿನ್ನ ನಿದ್ದೆ ಹಾರಿಹೋಯಿತು. ಕೂತಲ್ಲಿ ಅಳು, ನಿಂತಲ್ಲಿ ಅಳು. ಗಂಡ ಸತ್ತಾಗ ಡಾಕ್ಟರು ನನಗೆ ಬರೆದುಕೊಟ್ಟ ನಿದ್ದೆಗುಳಿಗೆಗಳು ಎಲೆ-ಅಡಿಕೆ ಸಂಚಿಯಲ್ಲಿ ಉಳಿದಿದ್ದವು. ನನಗೆ ಆರಾಮಾದದ್ದು ನಿನಗೂ ಆದೀತು ಅಂದುಕೊಂಡೆ — ಇಲ್ಲ, ಬರೆಯಲು ಕೂತ ಮೇಲೆ ಪೂರ್ತಿ ಬರೆಯುತ್ತೇನೆ. ನಿನ್ನ ಅಳು ಕೇಳಿ ನನಗೆ ಸಾಕಾಗಿತ್ತು. ನೀನು ಮಲಗಿದರೆ ಕೂಸು ನನ್ನ ತೊಡೆಗೆ ಬರುತ್ತದೆ ಅನ್ನುವ ಆಸೆಯೂ ಇತ್ತು. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಅನ್ನು, ಒಪ್ಪುತ್ತೇನೆ. ಒಂದು ಗುಳಿಗೆ ಅರೆದು ನಿನ್ನ ಅಳವಿ ಪಾಯಸದಲ್ಲಿ ಕಲಸಿದೆ. ಮರುದಿನವೂ ಕಲಸಿದೆ. ಮೂರನೆಯ ದಿನದಿಂದ ಎರಡೂ ಹೊತ್ತು. ಪಾಯಸ ಕಹಿಯಾಗಿದೆ ಅಕ್ಕಾ ಅಂದೆ ನೀನು. ಅಳವಿ ಇರುವುದೇ ಹಾಗೆ, ಬಾಣಂತಿಗೆ ನಾಲಿಗೆ ರುಚಿ ಯಾಕೆ ಎಂದು ಗದರಿದೆ.

ವಾರ ಕಳೆಯುವುದರೊಳಗೆ ಕೂಸು ಅಳುವುದನ್ನೇ ಬಿಟ್ಟಿತು. ಮೊಲೆ ಬಾಯಿಗಿಟ್ಟರೆ ಎರಡು ಸಲ ಚೀಪಿ ಕಣ್ಣು ಮುಚ್ಚುವುದು. ಅಂಗಾಲು ತಟ್ಟಿದರೂ ಎಚ್ಚರವಿಲ್ಲ. ನಾನು ಅದನ್ನು ಶಾಂತಸ್ವಭಾವದ ಕೂಸು ಎಂದು ಹೊಗಳುತ್ತ ಕೂತಿದ್ದೆ. ಗಾಬರಿಯಾದವಳು ನಿಮ್ಮವ್ವ.

"ಕೂಸಿನ ಮೈ ಹತ್ತಿ ಅರಳಿ ಹಂಗ ಮೆತ್ತಗಾಗ್ಯದ ಯವ್ವಾ. ದವಾಖಾನಿಗೆ ನಡೀರಿ."

ಇವಳಿಗೇ ಯಾಕೆ ಇಷ್ಟು ಅವಸರ, ಏನೋ ಮಾಡಿ ಈಗ ಹೆದರಿದ್ದಾಳೆ ಅನ್ನಿಸಿತು ನನಗೆ. ತಾ ಕಳ್ಳ, ಪರರ ನಂಬ ಅನ್ನುತ್ತಾರಲ್ಲ... ಆದರೆ ಆ ಗಳಿಗೆಯವರೆಗೂ ಕಳ್ಳಿ ನಾನೆಂದು ನನಗೇ ತಿಳಿದಿರಲಿಲ್ಲ. ತಿಳಿದದ್ದು ರಾಯಚೂರಿನ ದವಾಖಾನೆಯಲ್ಲಿ. ನೀನು ಬೆಂಚಿನ ಮೇಲೆ ತೂಕಡಿಸುತ್ತಿದ್ದೆ. ಡಾಕ್ಟರು ಕೂಸಿನ ರೆಪ್ಪೆ ಎತ್ತಿ ನೋಡಿದರು, ನಿನ್ನನ್ನೂ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ತಾಯಿ ನುಂಗಿದ್ದು ಹಾಲಿನಾಗ ಕೂಸಿಗೆ ಹೋಗ್ತದ್ರೀ. ನಿದ್ದಿಗುಳಿಗಿ ಏನರ ಕೊಟ್ಟೀರೇನು? ಖರೇ ಹೇಳ್ರಿ."

ನನ್ನ ಕೈ ತಾನಾಗಿಯೇ ಸೊಂಟದ ಸಂಚಿಗೆ ಹೋಯಿತು. ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು, ಶಾಂತಾ. ನನಗೆ ಗೊತ್ತಿರಲಿಲ್ಲ ಅನ್ನಬಹುದಾದದ್ದು ಅಲ್ಲಿಯವರೆಗೆ ಮಾತ್ರ.

"ಇಲ್ರೀ," ಅಂದೆ. ಕೇಳದಿದ್ದರೂ ಮುಂದಿನದನ್ನೂ ಅಂದೆ: "ಇವರವ್ವ ಏನೋ ತೇಯ್ದು ನೆಕ್ಕಿಸ್ತಾಳ್ರೀ. ಅದರಾಗ ಏನು ಕೂಡಿಸ್ತಾಳೋ."

ಡಾಕ್ಟರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಬಾಣಂತಿಗೆ ನಿದ್ದೆ ಇಲ್ಲದಿದ್ದರೆ ಕರೆದುಕೊಂಡು ಬರಬೇಕು, ಹಾಲುಣಿಸುವವಳು ಎಂದು ನೋಡಿಯೇ ಔಷಧ ಕೊಡುತ್ತೇವೆ, ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬಾರದು ಎಂದರು. ಅವರಿಗೆ ಅನುಮಾನವಿತ್ತು. ಕೂಸನ್ನು ಅಲ್ಲೇ ಇಟ್ಟುಕೊಂಡು ಸೂಜಿ, ಸಲೈನು ಎಂದು ಓಡಾಡಿದರು. ಬದುಕುವುದೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಮಾತು ಕೇಳಿಸಿಕೊಂಡ ನನ್ನ ತಮ್ಮ ವರಾಂಡಕ್ಕೆ ಹೋಗಿ ನಿಮ್ಮವ್ವನಿಗೆ ನಮ್ಮ ಹೊಸ್ತಿಲು ತುಳಿಯಬೇಡ ಅಂದ. ಅವಳು ಜಗಳ ತೆಗೆಯಲಿಲ್ಲ. ಒಂದು ಸಲ ಕೂಸನ್ನು ನೋಡಿ ಹೋಗುತ್ತೇನೆ ಎಂದು ಒಳಗೆ ಬಂದಳು. ನಾನು ಮಂಚಕ್ಕೆ ಅಡ್ಡ ನಿಂತೆ. ಹಾಗೇ ಹೋದಳು.

ಗುಳಿಗೆಗಳನ್ನು ದವಾಖಾನೆಯ ಮೋರಿಗೆ ಚೆಲ್ಲಿದೆ. ನಾಲ್ಕೈದು ದಿನಕ್ಕೆ ಕೂಸು ಕಣ್ಣರಳಿಸಿತು, ಹಸಿದು ಅತ್ತಿತು. ಆಗ ಎಲ್ಲರೂ ಒಂದೇ ಮಾತು: ಹುಲಿಗೆವ್ವ ಹೋದಳು, ಕೂಸು ಬದುಕಿತು. ಇನ್ನು ಸಾಕ್ಷಿ ಏನು ಬೇಕು? ನೀನೂ ಹಾಗೇ ಅಂದೆ — ಹೆತ್ತವ್ವನ ಬಗ್ಗೆ, ಅಳುತ್ತ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. ನಾನು ನಿನ್ನ ಬೆನ್ನು ಸವರಿದೆ.

ಆಮೇಲಿನ ವರ್ಷಗಳಲ್ಲಿ ಅವಳು ನನಗೆ ಹಿಡಿಶಾಪ ಹಾಕುತ್ತಿರುತ್ತಾಳೆ ಅಂದುಕೊಂಡಿದ್ದೆ. ಶಾಪ ಹಾಕಲಿ ಎಂದು ಒಂದು ಥರ ನೆಮ್ಮದಿಯೂ ಇತ್ತು. ಹೋದ ವಾರ ಸಂತೆಯಲ್ಲಿ ಯಾಪಲದಿನ್ನಿಯ ಹೆಂಗಸೊಬ್ಬಳು ಸಿಕ್ಕಳು. ಹುಲಿಗೆವ್ವ ಅವತ್ತಿನಿಂದ ಯಾವ ಕೂಸಿಗೂ ಎರೆದಿಲ್ಲವಂತೆ. ಸ್ವಂತ ಮಗನ ಮಕ್ಕಳನ್ನೂ ಎತ್ತಿಲ್ಲವಂತೆ. ತಂದು ತೊಡೆಯ ಮೇಲೆ ಇಟ್ಟರೆ ಕೈ ಸೆರಗಿನೊಳಗೆ ಮುಚ್ಚಿಕೊಂಡು, "ನನ್ನ ಕೈ ಛಲೋ ಇಲ್ಲವ್ವ" ಅನ್ನುತ್ತಾಳಂತೆ.

ಅವಳು ನನ್ನನ್ನು ಶಪಿಸಿಲ್ಲ, ಶಾಂತಾ. ನನ್ನ ಮಾತನ್ನು ನಂಬಿದ್ದಾಳೆ. ಜಗತ್ತಿನಲ್ಲಿ ಯಾರನ್ನೂ ನಂಬದ ನಾನು ಆಡಿದ ಸುಳ್ಳನ್ನು ಅವಳು ಹದಿನಾಲ್ಕು ವರ್ಷ ನಂಬಿ, ತನ್ನ ಬಜಿಯ ಬೆರಳೇ ಮೊಮ್ಮಗಳನ್ನು ಕೊಲ್ಲುತ್ತಿತ್ತು ಎಂದು ಕೂತಿದ್ದಾಳೆ.

ಅವಳ ತೇಯುವ ಕಲ್ಲು ನಮ್ಮ ಅಟ್ಟದಲ್ಲೇ ಇತ್ತು. ತೊಳೆದು ಗಂಟು ಕಟ್ಟಿದ್ದೇನೆ. ನಾಳೆ ಮುಂಜಾನೆಯ ಬಸ್ಸಿಗೆ ಹೋಗಿ, ಅವಳ ಮಗ-ಸೊಸೆಯ ಎದುರಿಗೇ ಎಲ್ಲ ಹೇಳುತ್ತೇನೆ. ತಮ್ಮನಿಗೂ ಈ ಕಾಗದ ತೋರಿಸು. ನನ್ನನ್ನು ಮತ್ತೆ ಮನೆಗೆ ಸೇರಿಸುವುದು, ಬಿಡುವುದು ನಿಮಗೆ ಬಿಟ್ಟದ್ದು, ನಾನು ಕೇಳುವುದಿಲ್ಲ. ಅಂದಿನ ಆ ಕೂಸು ಲಕ್ಷ್ಮಿಗೆ ಶಾಲೆಯ ರಜೆ ಬಂದಾಗ ಮಾತ್ರ ಅವಳನ್ನು ಅಜ್ಜಿಯ ಊರಿಗೆ ಕರೆದುಕೊಂಡು ಹೋಗು. ತಲೆಗೆ ಎಣ್ಣೆ ಹಚ್ಚು ಎಂದು ಅಜ್ಜಿಯ ಮುಂದೆ ಕೂಡಲಿ. ಹುಲಿಗೆವ್ವ ಒಲ್ಲೆ ಎಂದು ಕೈ ಮುಚ್ಚಿಕೊಂಡರೂ ಏಳಬೇಡ ಎಂದು ಲಕ್ಷ್ಮಿಗೆ ಮೊದಲೇ ಹೇಳಿರು.