ಹೆಸರಾದ ಮೇಲಿನ ಪರಾಕು

ಬಾಗೂರು ಕಡೆಯ ಒಂದು ಮಠದಲ್ಲಿ ಕಾಟಯ್ಯ ಪರಾಕು ಕೂಗುವವನಾಗಿದ್ದ. ಅವನಪ್ಪ ಕೂಗಿದ್ದೂ ಅದನ್ನೇ. ಸ್ವಾಮಿಗಳೆದುರು ಯಾರಿಗಾದರೂ ಸನ್ಮಾನವೆಂದರೆ ಅವರ ಬಿರುದುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಏರಿಸುತ್ತ ಹೋಗಿ ಕಟ್ಟಕಡೆಗೆ ಹೆಸರು ಹೇಳಬೇಕು. ಹೆಸರು ಬಿದ್ದ ಕೂಡಲೇ ನಗಾರಿ ಬಾರಿಸುವ ಬೋರಯ್ಯನ ಏಟು ಬೀಳಬೇಕು. ಆಮೇಲೆ ದೇವರೇ ಮಾತಾಡಿದರೂ ಯಾರಿಗೂ ಕೇಳಿಸದು.

ಕಾಟಯ್ಯನಿಗೆ ಅಕ್ಷರ ಬಾರದು, ಪ್ರಶ್ನೆಗಳಿಗೆ ಮಾತ್ರ ಬರವಿಲ್ಲ. ಹೊಸದುರ್ಗದ ಸಂತೆಯಲ್ಲಿ ಎಮ್ಮೆಯ ತಾಯಿ, ಅಜ್ಜಿಯವರೆಗೂ ವಿಚಾರಿಸಿ, ಎಮ್ಮೆ ಕೊಳ್ಳದೆ ಮನೆಗೆ ಬರುವ ಆಸಾಮಿ. ನನಗೆ ಇಂಥವರು ಇಷ್ಟ. ಅವನ ಜೊತೆ ಸಂತೆಗೆ ಹೋಗುತ್ತಿದ್ದವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ.

ಸಾವಿರದ ಒಂಬೈನೂರ ಎಂಟನೆಯ ಇಸವಿಯಿರಬೇಕು. ಬಾಗೂರಿನ ಮುರುಗೇಶಪ್ಪ ಮದರಾಸಿನಲ್ಲಿ ಓದು ಮುಗಿಸಿ ದುರ್ಗದ ಕೋರ್ಟಿಗೆ ಮುನ್ಸೀಫರಾಗಿ ಬಂದರು. ಮಠದಲ್ಲಿ ಶಾಲು ಹೊದಿಸುವುದೆಂದಾಯಿತು. ಮಠದ ವ್ಯವಹಾರ ನೋಡುವ ನಾಗಣ್ಣ ಕಾಟಯ್ಯನನ್ನು ಕರೆಸಿದ.

"ಮೊದ್ಲು ಹೆಸ್ರು. ಆಮೇಲೆ ಬಿ.ಎ., ಅದಾದ್ಮೇಲೆ ಬಿ.ಎಲ್. ಇಂಗ್ಲಿಷಿನೋರ ಪದ್ಧತಿ ಇದು."

"ಹೆಸ್ರಾದ ಮ್ಯಾಲೆ ಬಿರುದಾ? ಉಂಡಾದ ಮ್ಯಾಲೆ ಎಲೆ ಹಾಕ್ದಂಗೆ ಆಗಲ್ವೇನ್ರಿ?"

"ಅದೆಲ್ಲ ನಿಂಗ್ಯಾಕೆ? ತಪ್ಪಿದ್ರೆ ಮುಂದಿನ ಸಲದಿಂದ ಶಾಲೆ ಮೇಷ್ಟ್ರು ಓದ್ತಾರೆ. ಅವ್ರಿಗೆ ಇಂಗ್ಲಿಷ್ ಬರ್ತೈತೆ."

ಕಾಟಯ್ಯ ಹೆದರಿದ. ಪರಾಕು ಹೋದರೆ ತನ್ನ ಬಾಯಿಗೆ ಬೇರೆ ಕೆಲಸವೇನಿದೆ? ಆದರೂ ಹೆದರಿಕೆಗಿಂತ ಕುತೂಹಲವೇ ಒಂದು ಕೈ ಮೇಲಾಯಿತು. ನೇರವಾಗಿ ಮುರುಗೇಶಪ್ಪನ ಮನೆಗೆ ನಡೆದ.

ಮುನ್ಸೀಫರು ಜಗಲಿಯ ಮೇಲೆ ಕುಳಿತಿದ್ದರು. ತಾಯಿ ಮರುಳಸಿದ್ದಮ್ಮ ಒಳಗೆ ರಾಗಿ ಬೀಸುತ್ತಿದ್ದಳು. ಗಂಡ ಸತ್ತ ಮೇಲೆ ಮಗನನ್ನು ಓದಿಸಿದ್ದು ಅವಳೇ.

"ಸ್ವಾಮೇರು ತಪ್ಪು ತಿಳ್ಕಬಾರ್ದು. ಆ ಬಿ.ಎ., ಬಿ.ಎಲ್. ಎರಡ್ರಾಗೆ ದೊಡ್ಡದ್ಯಾವ್ದು?"

"ದೊಡ್ಡದು ಚಿಕ್ಕದು ಅಂತಲ್ಲ ಕಾಟಯ್ಯ. ಮೊದ್ಲು ಸಿಕ್ಕಿದ್ದು ಮೊದ್ಲು, ಆಮೇಲೆ ಸಿಕ್ಕಿದ್ದು ಆಮೇಲೆ."

"ಹಂಗಾರೆ ಬಿ.ಎ.ಗಿಂತ ಮುಂಚೆ ಏನು ಸಿಕ್ತು?"

"ಎಫ್.ಎ. ಅಂತ ಕಾಲೇಜಿನ ಮೊದಲ್ನೇ ಪರೀಕ್ಷೆ. ಅದಕ್ಕೂ ಮುಂಚೆ ಮೆಟ್ರಿಕ್. ಅವನ್ನ ಹೇಳಲ್ಲ, ಮೇಲಿನದು ಬಂದ್ಮೇಲೆ ಅವು ಬೇಡ."

"ಅದಕ್ಕೂ ಮುಂಚೆ?"

"ನಮ್ಮೂರ ಕೂಲಿಮಠ. ನೀನೂ ನೋಡಿದೀಯಲ್ಲ, ಮರಳಿನ ಮೇಲೆ ಅಕ್ಷರ ತಿದ್ದಿದ್ದು."

"ಅದಕ್ಕೂ ಮುಂಚೆ?"

ಮುರುಗೇಶಪ್ಪ ನಕ್ಕರು. "ಅದಕ್ಕೂ ಮುಂಚೆ ನಾನು ಬರೀ ನಮ್ಮವ್ವನ ಮಗ." ಒಳಗೆ ಬೀಸುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ದಾರಿಯುದ್ದಕ್ಕೂ ಕಾಟಯ್ಯ ಆ ಕ್ರಮವನ್ನೇ ಮೆಲುಕು ಹಾಕಿದ. ಬೋರಯ್ಯನಿಗೆ, "ಹೆಸ್ರು ಹೇಳಿದ ತಕ್ಷಣ ಬಡೀಬ್ಯಾಡ ಕಣಪ್ಪ, ಬಿ.ಎಲ್. ಅಂದ ಮ್ಯಾಲೆ ಬಡಿ" ಎಂದು ಬೇಡಿಕೊಂಡ.

ಸನ್ಮಾನದ ದಿನ ಅಂಗಳ ತುಂಬಿತ್ತು. ಹೆಂಗಸರು ಕಂಬಗಳ ಹಿಂದೆ ಕುಳಿತಿದ್ದರು. ಕಾಟಯ್ಯ ಎದೆ ತುಂಬ ಉಸಿರೆಳೆದು "ಮುರುಗೇಶಪ್ಪನವರು" ಎಂದ. ಬೋರಯ್ಯ ಪಾಪ, ಎತ್ತಿದ ಕೋಲನ್ನು ಹಲ್ಲು ಕಚ್ಚಿ ತಡೆದ. ಮಠ ನಿಶ್ಶಬ್ದವಾಯಿತು. ಹೆಸರಾದ ಮೇಲೆ ಮೌನವೆಂಬುದು ಕಾಟಯ್ಯನ ಜನ್ಮದಲ್ಲೇ ಬಂದಿರಲಿಲ್ಲ. ಆ ಮೌನಕ್ಕೆ ಬೆಚ್ಚಿದ ಅವನಿಗೆ ಅಕ್ಷರಗಳೆಲ್ಲ ಮರೆತುಹೋದವು. ನಾಗಣ್ಣನ ಹುಬ್ಬು ಗಂಟಿಕ್ಕಿತು. ಮೇಷ್ಟ್ರು ಕೆಮ್ಮಿದರು.

ಕಾಟಯ್ಯನಿಗೆ ನೆನಪಿದ್ದದ್ದು ಒಂದೇ: ಮೊದಲು ಸಿಕ್ಕಿದ್ದು ಮೊದಲು. ಬುಡದಿಂದ ಹತ್ತಿದರೆ ತುದಿ ಸಿಗಲೇಬೇಕಲ್ಲ. ಕಣ್ಣು ಮುಚ್ಚಿ ಹತ್ತತೊಡಗಿದ.

"ಮರುಳಸಿದ್ದಮ್ಮನ ಮಗ... ಬಾಗೂರ ಕೂಲಿಮಠದಾಗೆ ಮರಳ ಮ್ಯಾಲೆ ತಿದ್ದಿದೋರು... ಮೆಟ್ರಿಕ್... ಎಫ್.ಎ.... ಬಿ.ಎ.... ಬಿ.ಎಲ್. ಬಹುಪರಾಕ್."

ನಗಾರಿಗೆ ಏಟು ಬಿತ್ತು. ಮುರುಗೇಶಪ್ಪ ಎದ್ದರು. ಎದ್ದವರು ಮೊದಲು ಸ್ವಾಮಿಗಳಿಗೆ ಕೈಮುಗಿಯಬೇಕು. ಅವರು ಕಂಬದ ಕಡೆ ತಿರುಗಿ ಕೈಮುಗಿದರು. ಕಂಬದ ಹಿಂದೆ ಮರುಳಸಿದ್ದಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸ್ವಾಮಿಗಳು ಶಾಲು ಹೊದಿಸಿದರು.

ನಾಗಣ್ಣ ಮಾತ್ರ ಕರಗುವವನಲ್ಲ. ತಪ್ಪು ತಪ್ಪೇ ಎಂದು ಪರಾಕನ್ನು ಮೇಷ್ಟ್ರಿಗೆ ಕೊಟ್ಟ. ಕಾಟಯ್ಯ ಆ ವರುಷವೆಲ್ಲ ಮಠದ ಬಾಗಿಲ ಕಡೆ ತಲೆ ಹಾಕಲಿಲ್ಲ. ಸಂತೆಯಲ್ಲಿ ಎಮ್ಮೆಗಳನ್ನು ನೋಡಿದರೂ ಏನೂ ಕೇಳುತ್ತಿರಲಿಲ್ಲವಂತೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಮರುವರುಷ ಹೊಳಲ್ಕೆರೆ ಕಡೆಯ ಡಾಕ್ಟರೊಬ್ಬರಿಗೆ ಸನ್ಮಾನ. ಮೇಷ್ಟ್ರು ಹೆಸರನ್ನೂ ಆಮೇಲಿನ ಪದವಿಯ ಅಕ್ಷರಗಳನ್ನೂ ಚಾಚೂ ತಪ್ಪದೆ ಓದಿದರು. ಬೋರಯ್ಯ ಹಳೇ ಅಭ್ಯಾಸದಲ್ಲಿ ಹೆಸರಿಗೇ ನಗಾರಿ ಬಡಿದ, ಅಕ್ಷರಗಳು ಯಾರಿಗೂ ಕೇಳಿಸಲಿಲ್ಲ. ಅದಕ್ಕೆ ಯಾರೂ ಚಿಂತಿಸಲೂ ಇಲ್ಲ. ಸದ್ದಡಗಿದ ಮೇಲೆ ಕಂಬಗಳ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು:

"ಅದ್ಸರಿ, ಯಾರ ಮಗ ಅಂತ ಹೇಳ್ಲೇ ಇಲ್ವಲ್ಲ?"

ಅಂಗಳದಲ್ಲಿ ಹತ್ತಾರು ದನಿಗಳು ಅದನ್ನೇ ಕೇಳಿದವು. ಮೇಷ್ಟ್ರು ಕಾಗದ ತಿರುವಿ ನೋಡಿದರು. ಸ್ವಾಮಿಗಳು ನಾಗಣ್ಣನ ಕಡೆ ನೋಡಿದರು. ನಾಗಣ್ಣ ಆಳು ಕಳಿಸಿದ.

ಕಾಟಯ್ಯ ರುಮಾಲು ಸುತ್ತಿಕೊಳ್ಳುತ್ತಲೇ ಓಡಿ ಬಂದ. ಸ್ವಾಮಿಗಳಿಗೆ ಅಡ್ಡಬಿದ್ದು, ನೇರವಾಗಿ ಡಾಕ್ಟರ ಬಳಿ ಹೋಗಿ ಮೆಲ್ಲಗೆ ಕೇಳಿದ:

"ಸ್ವಾಮಿ, ತಮ್ಮ ಅವ್ವಾರ ಹೆಸ್ರೇನು?"