ಬಚ್ಚಲ ನೀರಿನ ಕಣಗಿಲೆ

ಮೂಗಿಗೆ ಸೆರಗು ಹಿಡಿದುಕೊಂಡೇ ಹೋಗಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂಬಯಿಯ ಗಟಾರದ ನೀರನ್ನು ಶುದ್ಧ ಮಾಡಿ ಸಮುದ್ರದ ಕೊಲ್ಲಿಗೆ ಬಿಡುವ ಕಡೆ ನನ್ನ ಅಳಿಯ ಇಂಜಿನಿಯರ್. ಭಾಲ್ಕಿಯ ಹುಡುಗ. ಮಗಳ ಮನೆಗೆ ಹೋದಾಗಲೆಲ್ಲ "ಒಮ್ಮಿ ನೋಡ್ಲಾಕ ಬರ್ರಿ ಅತ್ತಿ" ಎಂದು ಕರೆಯುತ್ತಿದ್ದ. ಬೇರೆಯವರ ಅಳಿಯಂದಿರು ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ, ನನ್ನವನು ಗಟಾರಕ್ಕೆ. ಕೆರೆಯಂಥ ತೊಟ್ಟಿಗಳಲ್ಲಿ ಕಪ್ಪು ನೀರು ಗುಳುಗುಳು ಎನ್ನುತ್ತಿತ್ತು. ಕೊನೆಯ ತೊಟ್ಟಿ ದಾಟುವಷ್ಟರಲ್ಲಿ ತಿಳಿಯಾಗಿ ಕೊಲ್ಲಿಯ ಕಡೆ ಹರಿಯುತ್ತಿತ್ತು. ಅಲ್ಲಿ ಗೋಡೆಯುದ್ದಕ್ಕೂ ಕಣಗಿಲೆ ಗಿಡಗಳು, ಮೈತುಂಬ ಹೂ. ನನ್ನ ಕೈಯಿಂದ ಸೆರಗು ಜಾರಿತು.

ಆ ಹೂವಿನ ಗುರುತು ನನಗೆ ಹಳೆಯದು. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ ನಾವು ಬೀದರಿನ ಚಿದ್ರಿಯಲ್ಲಿದ್ದೆವು. ನನಗೆ ಎಂಟು ವರ್ಷ. ಕಾಕಾ, ಅಂದರೆ ಅಪ್ಪನ ತಮ್ಮ, ನೀರಿನ ದಫ್ತರದಲ್ಲಿ ಕಾರಕೂನ. ಅಲ್ಲಿ ಏನು ನೋಡಿದ್ದನೋ, ಬಚ್ಚಲ ಹಿಂದೆ ಮೂರು ಒಡಕು ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿ, ಹರಳು, ಇದ್ದಲಿ, ಉಸುಕು ತುಂಬಿ, ಅದಕ್ಕೆ 'ಕಾರಖಾನಾ' ಎಂದು ಹೆಸರಿಟ್ಟಿದ್ದ. ಮೇಲೆ ಬಚ್ಚಲ ನೀರು ಸುರಿದರೆ ಕೆಳಗೆ ತಿಳಿನೀರು ತೊಟ್ಟಿಕ್ಕುತ್ತಿತ್ತು. ಒಂದು ದಿನ ಬೀಗರ ಎದುರಿಗೆ ಅದನ್ನು ಒಂದು ಲೋಟ ಕುಡಿದೂ ತೋರಿಸಿದ. ಆ ದಿನದ ಉಳಿದ ಭಾಗವನ್ನು ಕೈಯಲ್ಲಿ ಚರಗಿ ಹಿಡಿದು ಬಯಲಿಗೆ ಓಡುತ್ತಲೇ ಕಳೆದ. ಮರುದಿನದಿಂದ ಆ ನೀರು ಗಿಡಕ್ಕೆ ಮಾತ್ರ ಎಂದು ತೀರ್ಮಾನವಾಗಿ, ಕಣಗಿಲೆ ನೆಟ್ಟ.

ಆದರೆ ಆ ಹೂವನ್ನು ನನ್ನ ಆಯಿ, ಅಂದರೆ ಕಾಕಾನ ತಾಯಿ, ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಳ ಲಿಂಗಪೂಜೆಗೆ ಹೂಗಾರ ದಿನಾ ಮುಂಜಾನೆ ಹೂ, ಬಿಲ್ವಪತ್ರಿ ಎರಡನ್ನೂ ಮುತ್ತುಗದೆಲೆಯಲ್ಲಿ ಕಟ್ಟಿ ತರುತ್ತಿದ್ದ. ಹೂ ಏರಿಸದೆ ಅವಳು ತುತ್ತು ಮುಟ್ಟಿದವಳಲ್ಲ.

"ಅವ್ವಾ, ಮೈಲಿಗಿ ಇಲ್ಲ ಅಂತ ಬಸವಣ್ಣನವರೇ ಹೇಳ್ಯಾರಲ್ಲ?" ಎಂದು ಕಾಕಾ ಕೆಣಕುತ್ತಿದ್ದ.

"ಬಸವಣ್ಣನವರಿಗಿ ನಿನ್ನ ಬಚ್ಚಲ ಗೊತ್ತಿಲ್ಲ" ಎನ್ನುತ್ತಿದ್ದಳು ಆಯಿ.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಬಂತು, ಭಾರತದ ಸೈನ್ಯ ಸಂಸ್ಥಾನದೊಳಗೆ ನುಗ್ಗಿತು. ಅಲ್ಲಿಯತನಕ ರಜಾಕಾರರ ಭಯ, ಈಗ ತಲೆಯ ಮೇಲೆ ವಿಮಾನ. ಎಲ್ಲರ ಬಾಗಿಲಿಗೂ ಅಗಳಿ. ಹೂಗಾರ ಬರಲಿಲ್ಲ. ಎರಡು ದಿನ ಆಯಿ ಬರೀ ನೀರು ಕುಡಿದು ಗೋಡೆಗೆ ಒರಗಿ ಕೂತಳು. ಮೊದಲೇ ಕಡ್ಡಿಯಂಥವಳು, ಮಾತೂ ಸಣ್ಣಗಾಯಿತು. ಇವಳು ಸತ್ತೇಹೋಗುತ್ತಾಳೆಂದು ನನಗೆ ಖಾತ್ರಿಯಾಗಿತ್ತು. ಆ ಭಯದ ಮುಂದೆ ವಿಮಾನ ಯಾವ ಲೆಕ್ಕ?

ಮೂರನೆಯ ಮುಂಜಾನೆ ಕಾಕಾ ಕಣಗಿಲೆ ಕಿತ್ತು, ಬಾವಿ ನೀರಲ್ಲಿ ಅದ್ದಿ, ಹಳೆಯ ಮುತ್ತುಗದೆಲೆ ಹುಡುಕಿ, ಥೇಟ್ ಹೂಗಾರನ ಹಾಗೆ ದಾರ ಸುತ್ತಿದ. "ಹೂಗಾರ ಗ್ವಾಡಿ ಮ್ಯಾಲಿಂದ ಒಗದು ಹೋದ ಅಂತ ಹೇಳು. ನಗಬ್ಯಾಡ ಮತ್ತ."

ನಗಬೇಡ ಎಂದದ್ದೇ ತಪ್ಪಾಯಿತು. ಹೊಟ್ಟೆಯೊಳಗಿಂದ ನಗು ಉಕ್ಕುತ್ತಿತ್ತು. ಕೆನ್ನೆ ಕಚ್ಚಿಕೊಂಡು ಹೇಗೋ ಸುಳ್ಳನ್ನು ಒಪ್ಪಿಸಿದೆ. ಆಯಿ ಪೊಟ್ಟಣ ಬಿಚ್ಚಿದಳು. ಹೂ ನೋಡಿದಳು, ನನ್ನನ್ನು ನೋಡಿದಳು, ಬಾಗಿಲಲ್ಲಿ ನಿಂತ ಕಾಕಾನನ್ನು ನೋಡಿದಳು. ಆಮೇಲೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳು. ಅಡುಗೆಮನೆಯಲ್ಲಿ ನಾನೂ ಕಾಕಾನೂ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ನಿಂತೆವು.

ಪೂಜೆ ಮುಗಿಸಿ ಆಯಿ ಮಗನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಪುಂಡಿಪಲ್ಲೆಯ ಜೊತೆ ಎರಡು ರೊಟ್ಟಿ ಉಂಡಳು. ನೀರು ಕುಡಿದಳು. ಬಾಯಿ ಒರೆಸಿಕೊಂಡು ಕೇಳಿದಳು: "ತಮ್ಮಾ, ಹೂಗಾರ ಪತ್ರಿ ಬಿಟ್ಟು ಬರೇ ಹೂ ಒಗದು ಹೋದನೇನು?"

ಪತ್ರಿ! ಅದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು. ಕಾಕಾ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟ. "ಗೊತ್ತಿದ್ದೂ ಯಾಕ ಏರಿಸ್ದಿ ಅವ್ವಾ?"

"ಎರಡು ದಿನಾತು, ನೀನೂ ಉಂಡಿಲ್ಲ. ನನಗ ಕಾಣಂಗಿಲ್ಲೇನು? ಹೂ ಕೈಯಾಗ ಹಿಡ್ಕೊಂಡು ವಿಚಾರ ಮಾಡ್ದೆ. ನನ್ನ ಮೈ ತೊಳದಿದ್ದು ಅದೇ ನೀರು. ಮಡಿ ನನಗ, ಹೊಲಸು ಅದಕ್ಕ. ಇದ್ಯಾವ ನ್ಯಾಯ?"

ಮೊದಲು ನಕ್ಕವಳು ನಾನು. ಆಮೇಲೆ ಕಾಕಾ. ಕೊನೆಗೆ ಆಯಿ, ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು. ಅಗಳಿ ಹಾಕಿದ ಮನೆಯಲ್ಲಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ಹೊತ್ತು ವಿಮಾನ ಬಂತೋ ಹೋಯಿತೋ ನಮಗೆ ಕೇಳಲಿಲ್ಲ.

ಊರು ಶಾಂತವಾದ ಮೇಲೆ ಹೂಗಾರ ಬಂದ, ದೇವರ ದಯೆಯಿಂದ ಸುರಕ್ಷಿತವಾಗಿದ್ದ. ಬಾಗಿಲಲ್ಲೇ ಆಯಿ ಅವನಿಗೆ ಹೇಳಿದ ಮಾತು ನನಗಿನ್ನೂ ನೆನಪಿದೆ.

ಕೊಲ್ಲಿಯ ಗಾಳಿಗೆ ಕಣಗಿಲೆ ಓಲಾಡುತ್ತಿತ್ತು. ನಾನು ಕೈ ಚಾಚಿ ಸೆರಗಿನ ತುಂಬ ಹೂ ಕಿತ್ತುಕೊಂಡೆ. ಮೂಗು ಮುಚ್ಚಿಕೊಳ್ಳಲು ಸೆರಗೇ ಉಳಿಯಲಿಲ್ಲ, ಬೇಕೂ ಅನ್ನಿಸಲಿಲ್ಲ.

ಅಳಿಯ ಗಾಬರಿಯಾದ. "ಅತ್ತಿ, ಆ ಗಿಡಕ್ಕ ಇದೇ ನೀರು ಹಾಕೋದ್ರಿ. ನಿಮ್ಮ ಪೂಜಿಗಿ ಬಜಾರದಿಂದ ಹೂ ತರ್ತೇನಿ."

"ಹೂ ಬ್ಯಾಡಪಾ," ಎಂದೆ. "ಇನ್ನ ಪತ್ರಿ ಅಷ್ಟೇ ತಾ."

ಅದು ಹೂಗಾರನಿಗೆ ಆಯಿ ಹೇಳಿದ ಮಾತು.