ಹಾರ್ಮೋನಿಯಂ ಮೇಷ್ಟ್ರ ಬೆರಳು

ಮೊನ್ನೆ ಸಿರಾದಿಂದ ಮಧುಗಿರಿಗೆ ಬರೋ ಬಸ್ಸಲ್ಲಿ ಹುಲಿಕುಂಟೆ ಕಡೆಯ ಕುರಿ ಕಾಯೋರೊಬ್ರು ಪಕ್ಕದಲ್ಲಿ ಬಂದು ಕೂತ್ರು. ಹೆಗಲ ಮೇಲೆ ಕಂಬಳಿ. ಮಳೇಲಿ ನೆಂದು ಅರ್ಧ ಒಣಗಿದ್ದ ಉಣ್ಣೆ ವಾಸನೆ ಮೂಗಿಗೆ ಬಂದಿದ್ದೇ ತಡ, ನನ್ನ ಮೈಕ್‌ಸೆಟ್ ಅಂಗಡಿ ಹಿಂದಿನ ಆ ಸಣ್ಣ ರೂಮು, ಅದರೊಳಗೆ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರು... ಎಲ್ಲಾ ಒಟ್ಟಿಗೆ ಬಂದ್ಬಿಡ್ತು.

ಮೇಷ್ಟ್ರು ನಮ್ಮ ಕಡೆ ಊರೂರಿಗೆ ಹೋಗಿ ನಾಟಕ ಕಲಿಸ್ತಿದ್ದೋರು. ಅವರು ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತ್ರೇನೇ ಪಾತ್ರದೋರಿಗೆ ಗಂಟಲು ಬಿಡ್ತಿತ್ತು. ಕೊರಟಗೆರೆ ರಸ್ತೇಲಿ ಗಾಡಿಯಿಂದ ಬಿದ್ದು ಎಡಭುಜ ಮುರ್ಕೊಂಡ್ರು. ಬೆರಳು ಆಡ್ತಿದ್ವು, ಆದ್ರೆ ಗಾಳಿ ತುಂಬೋ ತಿದಿ ಒತ್ತಕ್ಕೆ ತೋಳು ಏಳ್ತಿರಲಿಲ್ಲ. ಬೇರೆಯೋರು ಒತ್ತಲಿ ಅಂದ್ರೆ, "ಉಸಿರು ಅವನ್ದು, ಹಾಡು ನಂದು. ಆಗಕಿಲ್ಲ ಬುಡು" ಅಂದ್ರು. ಮಿಡಿಗೇಶಿ ಹಗಲು ನಾಟಕಕ್ಕೆ ಎಂಟು ದಿನ ಇತ್ತು. ಅಷ್ಟರಲ್ಲಿ ಅವರ ಕೈಲಿ ಆಗ್ದಿದ್ರೆ ಪಾವಗಡದ ಇನ್ನೊಬ್ಬ ಮೇಷ್ಟ್ರನ್ನ ಕರೆಸ್ತೀವಿ ಅಂತ ನಾಟಕದೋರು ಹೇಳಿದ್ರು.

ನಾನು ಹತ್ತನೇ ಕ್ಲಾಸು ಪಾಸಾಗಿದ್ದೇ ಮೂವತ್ತು ದಾಟಿದ್ಮೇಲೆ. ಆಮೇಲೆ ಫೋನಲ್ಲಿ ನೋಡ್ಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕಂಪ್ಯೂಟರಲ್ಲಿ ಪ್ರೋಗ್ರಾಂ ಬರೆಯೋದು ಸ್ವಲ್ಪ ಕಲ್ತಿದ್ದೆ. ಮೇಷ್ಟ್ರ ಪೆಟ್ಟಿಗೇನೇ ಒಂದೊಂದು ಸ್ವರವಾಗಿ ರೆಕಾರ್ಡ್ ಮಾಡ್ಕೊಂಡೆ. ಕಂಪ್ಯೂಟರಿಗೆ ಒಂದು ಎಲೆಕ್ಟ್ರಿಕ್ ಕೀಬೋರ್ಡ್ ಜೋಡಿಸಿದೆ. ಅದರ ಸ್ವರದ ಮನೆ ಒತ್ತಿದ್ರೆ ಅವರ ಪೆಟ್ಟಿಗೆ ಸದ್ದು ಬರೋದು, ತಿದಿ ಬೇಕಿಲ್ಲ. ಶ್ರುತಿ ಏರಿಸಿ ಇಳಿಸಕ್ಕೆ ಗುಂಡಿ ಮಾಡಿ, ಎಡಗೈ ಬೆರಳಿಗೆ ಸಿಗೋ ಹಂಗೆ ತೊಡೆ ಮೇಲೆ ಇಟ್ಟೆ. ಮೊದಲ ಸಲ ನುಡಿಸಿದಾಗ ಮೇಷ್ಟ್ರು ಬಗ್ಗಿ ಕೀಬೋರ್ಡಿನ ಅಡಿ ನೋಡಿದ್ರು. ಆಮೇಲೆ, "ನನ್ ಪೆಟ್ಟಿಗೇನ ಸೀಸೆಯೊಳಕ್ಕೆ ಹಾಕ್ಬುಟ್ಟಿದ್ದೀಯಲ್ಲೋ" ಅಂತ ನಕ್ಕಿದ್ರು.

ಎರಡನೇ ದಿನ ಒಂದು ಸ್ವರ ಸಿಕ್ಕಾಕ್ಕೊಂಡ್ತು. ಮೇಷ್ಟ್ರು ಕೈ ತೆಗೆದ್ರೂ ಅದು ನಿಲ್ಲಲಿಲ್ಲ. ಒಂದೇ ಸಮ, ಏರದೆ ಇಳಿಯದೆ, ರೂಮೆಲ್ಲಾ ತುಂಬ್ಕೊಂಡು... ವೈರು ಕಿತ್ತ ಮೇಲೆ ನಿಂತಿತು.

ಬಸ್ಸಿನ ಹಾರ್ನ್ ಕೇಳ್ಬಾರ್ದು ಅಂತ ನಾಕೂ ಗೋಡೆಗೆ ಕಂಬಳಿ ಹೊಡೆದಿದ್ದೆ. ಕಿಟಕಿ ಮುಚ್ಚಿತ್ತು, ಸದ್ದಾಗತ್ತೆ ಅಂತ ಫ್ಯಾನೂ ಇಲ್ಲ. ಐದು ದಿನ ಅದರೊಳಗೇ ಇದ್ವಿ. ನಾನೊಬ್ನೇ ನುಡಿಸಿದ್ರೆ ಎಲ್ಲಾ ಸರಿ. ಅವರು ಕೂತ್ರೆ ಮತ್ತೆ ಸಿಕ್ಕಾಕ್ಕೊಳ್ಳೋದು. ಬರೆದಿದ್ದನ್ನ ಮೇಲಿಂದ ಕೆಳಕ್ಕೆ ಓದ್ದೆ, ಕೆಳಗಿಂದ ಮೇಲಕ್ಕೆ ಓದ್ದೆ. ಎದ್ದು ಹೋಗಕ್ಕೂ ಆಗ್ತಿರಲಿಲ್ಲ. ನುಡಿಸ್ದೇ ಇದ್ದಾಗ ಕೊರಳಿಗೆ ಕೈ ಕಟ್ಕೊಂಡು ಅವರು ಎದುರಿಗೇ ಕೂತಿರೋರು. ಊಟಕ್ಕೆ ಹೋದಾಗ್ಲೂ ಕಿವೀಲಿ ಅದೇ ಸ್ವರ.

"ನನ್ನ ಕಂಡ್ರೆ ಆಗಲ್ಲ ಕಣ್ಲಾ ನಿನ್ ಮಿಷಿನ್ನಿಗೆ" ಅಂದ್ರು ಒಂದಿನ.

ನಾಟಕದ ಹಿಂದಿನ ದಿನ ಅವರ ಕೈಯನ್ನೇ ನೋಡ್ತಾ ಕೂತೆ. ಆಗ ಗೊತ್ತಾಯ್ತು. ನಾನು ಬೆರಳೆತ್ತಿ ಆಮೇಲೆ ಶ್ರುತಿ ಗುಂಡಿ ಒತ್ತುತ್ತಿದ್ದೆ. ಅವರು ಬಲಗೈ ಬೆರಳು ಎತ್ತುತ್ತಲೇ ಇರಲಿಲ್ಲ; ಹಳೇ ಸ್ವರ ಹಿಡ್ಕೊಂಡೇ ಗುಂಡಿ ಒತ್ತಿ ಹೊಸ ಶ್ರುತಿಗೆ ಹೋಗೋರು. ಆದ್ರೆ ಪ್ರೋಗ್ರಾಂನಲ್ಲಿ ಎಲ್ಲಿ ತಿದ್ದಬೇಕು ಅಂತ ಹೊಳೀಲಿಲ್ಲ. ಹೊತ್ತೂ ಇರಲಿಲ್ಲ.

"ಮೇಷ್ಟ್ರೆ, ಗುಂಡಿ ಒತ್ತೋವಾಗ ಬೆರಳು ಎತ್ಬುಡಿ" ಅಂದೆ.

"ಪಾತ್ರದೋನು ಹಾಡ್ತಾ ಇರ್ತಾನಲ್ಲೋ."

"ಒಂದ್ ಗಳಿಗೆ ಅಷ್ಟೇ."

ಅವರು ನನ್ನ ಮುಖ ನೋಡಿದ್ರು. "ನೀನು ಓದಿರೋನು. ಅಂಗೇ ಆಗ್ಲಿ" ಅಂದ್ರು. ಸಾಯಂಕಾಲದವರೆಗೂ ಬೆರಳೆತ್ತೋದನ್ನ ಕಲಿಸಿದ್ರು, ನಲವತ್ತು ವರ್ಷ ನುಡಿಸಿದ್ದ ಕೈಗೆ.

ಮಿಡಿಗೇಶೀಲಿ ರಾಜನ ಪಾತ್ರದ ಟೈಲರಣ್ಣ ಸ್ವರ ಎಳೆದು ನಿಂತಿದ್ದ. ಶ್ರುತಿ ಗುಂಡಿ ಒತ್ತಕ್ಕೆ ಮೇಷ್ಟ್ರು ಬೆರಳೆತ್ತಿದ್ರು. ಆ ಗಳಿಗೇಲಿ ಅವನ ದನಿ ಒಂಟಿಯಾಗಿ ನಿಂತು ನಡುಗಿ ಜಾರಿತು. ಜನ ಶಿಳ್ಳೆ ಹೊಡೆದ್ರು. "ಮೇಷ್ಟ್ರೆ, ನಿದ್ದೆ ಬಂತಾ?" ಅಂತ ಯಾರೋ ಕೂಗಿದ್ರು. ಮುಂದಿನ ನಾಟಕಕ್ಕೆ ಪಾವಗಡದೋರು ಬಂದ್ರು.

ತಪ್ಪು ಸಿಕ್ಕಿದ್ದು ಹದಿನೈದು ದಿನ ಬಿಟ್ಟು. ಗುಂಡಿ ಒತ್ತಿದ್ಮೇಲೆ ಬೆರಳೆತ್ತಿದ್ರೆ ನನ್ನ ಪ್ರೋಗ್ರಾಂ ಹೊಸ ಶ್ರುತಿಯ ಸ್ವರಾನ ನಿಲ್ಲಿಸ್ತಿತ್ತು; ಮೊದಲೇ ಶುರುವಾಗಿದ್ದ ಹಳೇ ಸ್ವರಾನ ಮರೆತೇ ಬಿಡ್ತಿತ್ತು. ಎರಡು ಸಾಲು ತಿದ್ದೋ ಕೆಲಸ. ಅವರ ಮನೆಗೆ ಓಡ್ದೆ.

"ಸಿಕ್ತಾ? ಯಾರ್ದಪ್ಪ ತಪ್ಪು?"

"ಮಿಷಿನ್ದು ಮೇಷ್ಟ್ರೆ" ಅಂದೆ. ನಂದು ಅನ್ನಕ್ಕೆ ಬಾಯಿ ಬರ್ಲಿಲ್ಲ...

"ಸದ್ಯ. ನನ್ ಕೈಯೇ ಕೆಟ್ಟೋಯ್ತು ಅಂದ್ಕೊಂಡಿದ್ದೆ" ಅಂದ್ರು. ಆದ್ರೂ ಮತ್ತೆ ನುಡಿಸಲಿಲ್ಲ. ಮಾರನೇ ವರ್ಷ ಹೋಗ್ಬಿಟ್ರು.

ಈಗಲೂ ಆ ನಾಟಕದೋರಿಗೆ ಮೈಕು ನಾನೇ ಹಾಕೋದು. ಪಾತ್ರದೋರು ಸ್ವರ ಎಳೆದು ನಿಂತಾಗ ನನ್ನ ಕಣ್ಣು ಪಾವಗಡದ ಮೇಷ್ಟ್ರ ಬೆರಳ ಮೇಲೇ ಇರತ್ತೆ. ಅವರೂ ಎತ್ತಲ್ಲ. ಹಾಡೋರು ಬಾಯಿ ಮುಚ್ಚೋವರೆಗೂ ಯಾವ ಮೇಷ್ಟ್ರೂ ಎತ್ತಲ್ವಂತೆ. ನಾನು ಒಬ್ರ ಕೈಲಿ ಎತ್ತಿಸ್ಬಿಟ್ಟೆ.